ಹೆಬ್ಬಾಳದ ಅರ್ಧ ಗಂಟೆ

ಅಯ್ಯೋ, ನಿಂತ್ಕೊಂಡೇ ಯಾಕೆ ನೋಡ್ತೀರ ಭಾಯ್ ಆ ಪಟ್ಟಿನ? ಕೂತ್ಕೊಂಡು ನೋಡಿ. ನಿಮ್ಮ ಆರ್.ಟಿ. ನಗರದ ಹುಡ್ಗೀರು ನಾಲ್ಕನೇ ಜಾಗದಲ್ಲೇ ಇರ್ತಾರೆ, ನೀವು ಕೂತ ತಕ್ಷಣ ಎದ್ದು ಓಡ್ಹೋಗಲ್ಲ... ಹಾಂ, ಹಂಗೆ. ಕೂತ್ರಪ್ಪ ಕೋಚ್ ಮೊಯಿನುದ್ದೀನ್ ಸಾಹೇಬ್ರು, ಕೊನೆಗೂ! ನಾನೇನೋ ನಾಲ್ಕನೇ ಜಾಗ ಸಿಕ್ಕಿದ್ದಕ್ಕೆ ಮೈಸೂರ್ ಪಾಕ್ ಹಿಡ್ಕೊಂಡು ಬರ್ತೀರ ಅಂತ ಹತ್ತು ದಿನದಿಂದ ಕಾಯ್ತಿದ್ರೆ, ನೀವು ಕೈ ಬೀಸ್ಕೊಂಡು ಬಂದಿದೀರ.

ಟೀ ತಗೊಳಿ. ನಾನೇ ಮಾಡಿದ್ದು. ಯಾಕೆ ನಗ್ತೀರ? ಮೂವತ್ತು ವರ್ಷ ಹೈಸ್ಕೂಲಲ್ಲಿ ಪಿ.ಟಿ. ಮೇಷ್ಟ್ರಾಗಿದ್ದೋನಿಗೆ ಒಂದು ಲೋಟ ಟೀ ಮಾಡೋಕೆ ಬರಲ್ವಾ? ರತ್ನ ಇಲ್ಲ ಕಣ್ರೀ ಮನೇಲಿ. ಹುಣಸಮಾರನಹಳ್ಳೀಲಿ ಅವ್ಳ ಅಣ್ಣನ ಮನೆ ಗೃಹಪ್ರವೇಶ. ನಾನೂ ಬರ್ತೀನಿ ಅಂದ್ರೆ, ‘ನೀವ್ ಬ್ಯಾಡ. ಅಲ್ಲೂ ಬಂದು ಓಳಿಗೆಗೆ ಇಷ್ಟು ಅಂಕ, ಪಲ್ಯಕ್ಕೆ ಇಷ್ಟು ಅಂಕ ಅಂತ ಪಟ್ಟಿ ಆಕ್ಕಂಡು ಕೂತ್ಕತೀರ’ ಅಂದ್ಲು. ಹೆಂಡತಿ ಬಾಯಲ್ಲಿ ಇದು ನನ್ನ ಮರ್ಯಾದೆ! ಚೈತ್ರ ಮೇಲೆ ರೂಮಲ್ಲಿದಾಳೆ. ಭಾನುವಾರ ಅಲ್ವಾ, ಮಲಗಿರ್ಬೇಕು. ಸ್ವಲ್ಪ ಮೆತ್ತಗೆ ಮಾತಾಡೋಣ, ಎದ್ರೆ... ಸುಮ್ನೆ ಮಗೂದು ನಿದ್ದೆ ಯಾಕೆ ಕೆಡಿಸೋದು ಅಂತ.

ಕುಡೀರಿ ಅಂದ್ರೆ! ರೋಜಾ ಮುಗಿದು ವಾರ ಆಯ್ತಲ್ಲ, ಇನ್ನೂ ಏನ್ ಉಪವಾಸ? ಅಂದಹಾಗೆ ನಿಮ್ಮನೆಯಿಂದ ಮಲ್ಕಾ ಅವ್ರು ಹಬ್ಬಕ್ಕೆ ಕಳ್ಸಿದ ಶೀರ್ ಖುರ್ಮಾ ಭಾರಿ ಚೆನ್ನಾಗಿತ್ತು ಅಂತ ಹೇಳ್ಬಿಡಿ ಅವ್ರಿಗೆ. ನಾನೇ ಎರಡು ಲೋಟ ಇಳಿಸ್ದೆ. ಚೈತ್ರನಾ? ಅವ್ಳು... ಅವ್ಳಿಗೆ ಅವತ್ತು ಹಲ್ಲು ನೋವು. ಇಲ್ದಿದ್ರೆ ಬಿಡ್ತಾಳಾ, ಪ್ರತಿ ವರ್ಷ ಪಾತ್ರೆ ತಳ ಕೆರೆಯೋಳೇ ಅವ್ಳು.

ಸರಿ, ಪಟ್ಟಿ ವಿಷ್ಯಕ್ಕೇ ಬಂದಿರೋದು ನೀವು, ನಂಗೆ ಗೊತ್ತು. ಪ್ರತಿ ವರ್ಷ ಇದನ್ನ ಸಹಕಾರನಗರದ ಬಾಸ್ಕೆಟ್‌ಬಾಲ್ ಕೋರ್ಟಲ್ಲಿ ಅಂಟಿಸಿ ಬಂದ್ಮೇಲೆ ಯಾರಾದ್ರೊಬ್ರು ಕೋಚು ಈ ಕುರ್ಚೀಲಿ ಬಂದು ಕೂರ್ಲೇಬೇಕು. ಆದ್ರೆ ಅವ್ರೆಲ್ಲ ಕೆಳಗಿರೋರು, ಮೇಲಕ್ಕೆ ಹಾಕಿ ಅಂತ ಜಗಳಕ್ಕೆ ಬರೋರು. ಜಾಗ ಸಿಕ್ಕಿದ್ಮೇಲೂ ಮುಖ ಇಷ್ಟು ದಪ್ಪ ಮಾಡ್ಕೊಂಡು ಬಂದೋರು ನೀವೊಬ್ರೇ! ಮೂರನೇದು ಬೇಕಿತ್ತಾ? ಆಸೆಗೂ ಒಂದು ಮಿತಿ ಬೇಡ್ವಾ ಭಾಯ್?

ಹದಿನಾಲ್ಕು ವರ್ಷದ ಹಿಂದೆ ಹೆಂಗಿತ್ತು, ನೆನಪಿದ್ಯಾ? ನಮ್ಮ ಉತ್ತರ ಬೆಂಗಳೂರಲ್ಲಿ ಹತ್ತು ಕಾಲೇಜು, ಹನ್ನೊಂದು ಫಸ್ಟ್ ಪ್ಲೇಸು! ಎಲ್ರ ಗೇಟಲ್ಲೂ ಬ್ಯಾನರು, ಎಲ್ರೂ ಚಾಂಪಿಯನ್ನು. ಎಂಟು ಮ್ಯಾಚ್ ಗೆದ್ದಿದೀವಿ ಅನ್ನೋರು. ಯಾರ ಮೇಲೆ ಸ್ವಾಮಿ ಅಂದ್ರೆ, ಶೂ ಲೇಸ್ ಕಟ್ಟೋಕೂ ಬರ್ದಿದ್ದ ಟೀಮ್ ಮೇಲೆ. ಇನ್ನೊಬ್ರು ಸೋತ್ರೂ ‘ನೈತಿಕವಾಗಿ ನಾವೇ ಗೆದ್ವಿ’ ಅನ್ನೋರು... ನೀವೇ ಅದು! ನಗ್ತೀರ ನೋಡಿ, ನಿಮ್ಗೇ ನೆನಪಾಯ್ತು. ಆಗ ಕೋರ್ಟ್ ಕಟ್ಟೆ ಮೇಲೆ ಕೂತು ಹೇಳಿದ್ದೂ ನೀವೇ. ‘ಮೇಷ್ಟ್ರೇ, ನಿಮ್ಗೆ ಯಾವ ಕಾಲೇಜಿನ ಹಂಗೂ ಇಲ್ಲ. ನೀವೊಂದು ಪಟ್ಟಿ ಮಾಡಿ, ಎಲ್ರೂ ಒಪ್ಕೋತಾರೆ.’ ಮಾಡ್ದೆ. ಒಪ್ಕೊಂಡ್ರು. ಕೊಡಿಗೇಹಳ್ಳಿ ಚಿಕ್ಕಬೈರಪ್ಪ ಬರೆದ ಅಂದ್ರೆ ಮುಗೀತು, ಮೇಲೆ ಮಾತಿಲ್ಲ.

ಲೆಕ್ಕ ಏನ್ ಬ್ರಹ್ಮವಿದ್ಯೆ ಅಲ್ಲ. ಎಷ್ಟು ಗೆದ್ರಿ ಅನ್ನೋದಲ್ಲ, ಯಾರನ್ನ ಗೆದ್ರಿ ಅನ್ನೋದು. ಮೇಲಿನ ಮೂರು ಟೀಮಲ್ಲಿ ಒಂದನ್ನ ಸೋಲ್ಸಿದ್ರೆ ಹನ್ನೆರಡು ಅಂಕ. ಮಧ್ಯದ ನಾಲ್ಕಾದ್ರೆ ಎಂಟು. ಕೊನೇ ಮೂರಾದ್ರೆ ಐದು. ಕೊನೇ ಮೂರರ ಕೈಲಿ ಸೋತ್ರೆ ನಾಲ್ಕು ಕಟ್, ಜೊತೆಗೆ ನನ್ನ ಬೈಗುಳ ಉಚಿತ. ಐವತ್ತು ಪಾಯಿಂಟಲ್ಲಿ ಗೆದ್ರೂ ಅಷ್ಟೇ, ಒಂದೇ ಪಾಯಿಂಟಲ್ಲಿ ಗೆದ್ರೂ ಅಷ್ಟೇ. ಸತ್ತ ಹಾವನ್ನ ಎಷ್ಟು ಸಲ ಹೊಡೆದ್ರೇನು? ಮೇಲಿನ ನಾಲ್ಕು ಟೀಮು ಏಪ್ರಿಲ್ ಕಪ್ಪಿಗೆ ಹೋಗುತ್ತೆ, ಸ್ಟೇಟ್ ಟೀಮಿಗೆ ಆರಿಸೋರು ಬಂದು ನೋಡೋದು ಅದೊಂದನ್ನೇ. ಐದನೇದು ಮನೆಗೆ ಹೋಗುತ್ತೆ. ನಾಳೆ ಮಧ್ಯಾಹ್ನ ನಾಲ್ಕು ಹೆಸರು ಕಳ್ಸಿದ್ರೆ ನನ್ನ ಈ ವರ್ಷದ ಕೆಲಸ ಮುಗೀತು.

ನಿಮ್ದು ನೋಡಿ. ಆರು ಗೆಲುವು, ಮೂವತ್ತೊಂಬತ್ತು ಅಂಕ. ಆರರಲ್ಲಿ ಮೂರು ಕೊನೇ ಮೂರು ಟೀಮ್ ಮೇಲೆ, ಅಂದ್ರೆ ಬೆಳಿಗ್ಗೆ ಹೋಗಿ ಹಾಲು ತಂದಷ್ಟು ಸಲೀಸು. ಮೇಲಿನ ಮೂರರ ಕೈಲೂ ಏಟು ತಿಂದಿದೀರ, ಒಂದನ್ನೂ ಬಿಟ್ಟಿಲ್ಲ, ಬಹಳ ಶಿಸ್ತು! ಆದ್ರೂ ಮಧ್ಯದವರನ್ನೆಲ್ಲ ಗೆದ್ದಿದೀರಲ್ಲ, ನಾಲ್ಕನೇ ಜಾಗ. ಅದ್ರ ಕೆಳಗೆ ಯಲಹಂಕ. ಐದು ಗೆಲುವು, ಮೂವತ್ತೈದು. ಮೊದಲನೇ ಜಾಗದಲ್ಲಿರೋ ಯಶವಂತಪುರನ ಅವ್ರ ಅಂಗಳದಲ್ಲೇ ಹೋಗಿ ಸೋಲಿಸಿ ಬಂದಿದಾರೆ ಯಲಹಂಕದ ಹುಡ್ಗೀರು. ಈ ವರ್ಷ ಬೇರೆ ಯಾರ ಕೈಲೂ ಆಗ್ಲಿಲ್ಲ ಅದು. ಕ್ಯಾಪ್ಟನ್ ಯಾರು ಅಂತ ನಿಮ್ಗೆ ನಾನ್ ಹೇಳ್ಬೇಕಾ? ಮೊದಲೆರಡು ವರ್ಷ ಬೆಂಚಲ್ಲಿ ಕೂತು ಟವೆಲ್ ಕೊಟ್ಲು ಪಾಪ. ಇದು ಕೊನೇ ವರ್ಷ ನಮ್ಮ ಚೈತ್ರಂಗೆ. ಮೇ ತಿಂಗಳಲ್ಲಿ ಪರೀಕ್ಷೆ, ಆಮೇಲೆ ಕಾಲೇಜೂ ಇಲ್ಲ, ಕೋರ್ಟೂ ಇಲ್ಲ. ಏನ್ ಮಾಡೋದು? ನಾಲ್ಕು ಅಂಕ ಕಮ್ಮಿ. ಪಟ್ಟಿಗೆ ಮಗಳೂ ಇಲ್ಲ, ಸೊಸೆನೂ ಇಲ್ಲ.

ಏನು? ಬೆರಳು ಎಲ್ಲಿಟ್ರಿ? ಕನ್ನಡಕ ಹಾಕ್ಕೋತೀನಿ ಇರಿ... ಓ.

ಫೆಬ್ರವರಿ ಏಳು. ಆರ್.ಟಿ. ನಗರ, ಯಲಹಂಕ. ನಿಮ್ಮ ಅಂಗಳ. ವಾಕೋವರ್, ಇಪ್ಪತ್ತು–ಸೊನ್ನೆ, ಗೆದ್ದೋರು ಆರ್.ಟಿ. ನಗರ. ಸರಿಯಾಗೇ ಇದ್ಯಲ್ಲ? ನಾಲ್ಕು ಗಂಟೆಗೆ ಮ್ಯಾಚು. ಯಲಹಂಕದ ಬಸ್ಸು ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ಕಲ್ಲಿ ಕೂತ್ಬಿಡ್ತು. ಕೊನೇ ಅರ್ಧ ಕಿಲೋಮೀಟರು ಬಸ್ಸಿಳಿದು ಓಡ್ಕೊಂಡು ಬಂದ್ರು ಹುಡ್ಗೀರು, ಬಂದಾಗ ನಾಲ್ಕು ಇಪ್ಪತ್ತೆರಡು. ನಿಯಮ ಏನ್ ಹೇಳುತ್ತೆ? ಹದಿನೈದು ನಿಮಿಷ. ಅದ್ರ ಮೇಲೆ ಬಂದ್ರೆ ಬರ್ಲೇ ಇಲ್ಲ ಅಂತ ಲೆಕ್ಕ. ನಿಯಮದ ಪುಸ್ತಕ ನಾನ್ ಬರ್ದಿಲ್ಲಪ್ಪ.

ಹೌದು, ಆಡಿದ್ರು. ಆಡ್ಲಿಲ್ಲ ಅಂದ್ನಾ ನಾನು? ನೀವೇ ‘ಬರ್ಲಿ ಬಿಡಿ ಮೇಷ್ಟ್ರೇ, ಮಕ್ಕಳು ನೀರು ಕುಡಿದು ಆಡ್ಲಿ’ ಅಂದ್ರಿ. ನಿಮ್ಮ ಕ್ಯಾಪ್ಟನ್ ಫರ್ಹೀನ್ ತನ್ನ ಬಾಟ್ಲೀನೇ ಕೊಟ್ಲು. ಐವತ್ತೆಂಟು–ನಲವತ್ತೇಳು. ಮೇಜಲ್ಲಿ ಕೂತು ಸ್ಕೋರ್ ಬರ್ದೋನೇ ನಾನು, ನಂಗೊತ್ತಿಲ್ವಾ? ಅದ್ರಲ್ಲಿ ಇಪ್ಪತ್ತೊಂದು ಚೈತ್ರಂದೇ. ಆ ಎಡಗೈಲಿ ಹಾಕಿದ್ಲಲ್ಲ ಒಂದು, ನಿಮ್ಮ ಹುಡ್ಗೀರು ಮೂವರ ಮಧ್ಯೆ ನುಗ್ಗಿ... ಪೆನ್ನು ಹಿಡಿದಿದ್ದೆ, ಇಲ್ದಿದ್ರೆ ಚಪ್ಪಾಳೆ ಹೊಡೀತಿದ್ದೆ. ನೀವು ಹೊಡೆದ್ರಿ! ಎದುರಾಳಿ ಕೋಚು! ಹನ್ನೊಂದು ಪಾಯಿಂಟಲ್ಲಿ ಸೋತು, ನನ್ನ ಶಿಷ್ಯೆ, ನನ್ನ ಶಿಷ್ಯೆ ಅಂತ ಊರಿಗೆಲ್ಲ ಹಲ್ಲು ಕಿರೀತಾ ನಿಂತಿದ್ರಿ. ನಾಚಿಕೆ ಆಗ್ಬೇಕು ನಿಮ್ಗೆ.

ಮತ್ತೇನು? ಕೆಂಪು ಶಾಯೀದು ಏನು ಅಂತಾನಾ? ಗೊತ್ತಿಲ್ದೋರ ಥರ ಕೇಳ್ತೀರಲ್ಲ! ‘ಹೆ’. ಹೆಬ್ಬಾಳದ ಅರ್ಧ ಗಂಟೆ. ಹೆಬ್ಬಾಳ ದಾಟಿ ಬರೋ ಟೀಮಿಗೆ ಅರ್ಧ ಗಂಟೆ ಮಾಫಿ, ಎದುರಾಳಿ ಕ್ಯಾಪ್ಟನ್ ಒಪ್ಪಿ ಆಡಿದ್ರೆ ಆಡಿದ ಸ್ಕೋರೇ ಖಾಯಂ. ಫ್ಲೈಓವರ್ ಮಾಡಿದ ತಪ್ಪಿಗೆ ಮಕ್ಕಳಿಗೆ ಶಿಕ್ಷೆ ಯಾಕೆ ಅಂತ ಒಂಬತ್ತು ವರ್ಷದ ಹಿಂದೆ ನಾನೇ ತಂದಿದ್ದು. ಇಡೀ ಪ್ರಪಂಚದಲ್ಲಿ ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ನಮ್ಮಲ್ಲಿ ಮಾತ್ರ... ಎಣಿಸ್ಬೇಡಿ ಭಾಯ್, ನಾನೇ ಹೇಳ್ತೀನಿ. ಈ ವರ್ಷ ನಾಲ್ಕು ‘ಹೆ’. ಅದ್ರಲ್ಲಿ ಒಂದು ನಿಮ್ದೇ, ನೆನಪಿರ್ಲಿ! ಹುಣಸಮಾರನಹಳ್ಳಿಗೆ ಇಪ್ಪತ್ತೆಂಟು ನಿಮಿಷ ತಡವಾಗಿ ಬಂದು, ಎರಡೇ ನಿಮಿಷ ಉಳಿಸ್ಕೊಂಡೋರು ನೀವು.

ಅದು ಬೇರೆ! ಅವತ್ತು ಯಾವ್ದೋ ಮಂತ್ರಿ ಏರ್‌ಪೋರ್ಟಿಗೆ ಹೊರಟಿದ್ರು, ರಸ್ತೆ ನಿಲ್ಲಿಸಿದ್ರು. ಇನ್ನೊಂದು ಸಲ ಕ್ರೇನು ಅಡ್ಡ ಬಂದಿತ್ತು. ಯಶವಂತಪುರದೋರ್ದು... ಅವ್ರ ಬಸ್ಸು ಪಂಚರ್ ಆಗಿದ್ದು ಬಿ.ಇ.ಎಲ್. ಸರ್ಕಲ್ಲಲ್ಲಿ, ಅವ್ರು ಹೆಬ್ಬಾಳದ ಮುಖಾನೂ ನೋಡಿರ್ಲಿಲ್ಲ, ನಿಜ. ಆದ್ರೂ ಕೊಟ್ಟೆ. ಹೋಗ್ಲಿ ಪಾಪ ಅಂತ. ಹಂಗ್ಯಾಕೆ ನೋಡ್ತೀರ? ಎಲ್ಲದಕ್ಕೂ ಸಂದರ್ಭ ಅಂತ ಒಂದಿರುತ್ತೆ.

ಯಲಹಂಕದ್ದು ಯಾವ ಸಂದರ್ಭ ಅಂದ್ರೆ... ನಿಮ್ಗೆ ಗೊತ್ತಿಲ್ಲ ಭಾಯ್. ಸೀಸನ್ ಶುರುವಾದಾಗ ಯಶವಂತಪುರದ ಕೋಚ್ ಸುನೀಲ ಏನಂದ ಗೊತ್ತಾ? ಟೀ ಅಂಗಡೀಲಿ, ಎಲ್ರ ಮುಂದೆ. ‘ಈ ವರ್ಷ ಮೇಷ್ಟ್ರ ಪಟ್ಟಿ ಯಲಹಂಕದ ಬಸ್ಸಲ್ಲೇ ಕೂತ್ಕೊಂಡು ಬರುತ್ತೆ ನೋಡ್ತಿರಿ.’ ಎಲ್ರೂ ನಕ್ರು. ನಾನೂ ನಕ್ಕೆ. ತಮಾಷೆಗೇ ಅಂದಿದ್ದು ಅವ್ನು, ಕೆಟ್ಟೋನಲ್ಲ. ಆದ್ರೆ ನಂಗೆ ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಹದಿನಾಲ್ಕು ವರ್ಷ! ಒಬ್ರ ಹತ್ರ ಒಂದು ಲೋಟ ಕಾಫಿ ಕುಡಿಯೋಕೂ ಯೋಚನೆ ಮಾಡ್ತಿದ್ದೋನು. ಬೇಲೀನೇ ಎದ್ದು ಹೊಲ ಮೇಯ್ತು ಅಂತ ಜನ ಅಂದ್ಬಿಟ್ರೆ? ಪೆನ್ನು ಎತ್ಕೊಂಡಾಗೆಲ್ಲ ಸುನೀಲನ ಮಾತು. ಫೆಬ್ರವರಿ ಏಳರ ಮುಂದೆ ‘ಹೆ’ ಬರೆಯೋಣ ಅಂತ ಕೂತೆ. ಬರ್ದಿದ್ರೆ ಯಲಹಂಕ ನಾಲ್ಕು, ಮಗಳ ಟೀಮು ಕಪ್ಪಿಗೆ. ಅಪ್ಪನ ಪೆನ್ನಿಂದ! ಎಲ್ರೂ ಏನಂತಾರೆ? ಕೈ ಬರ್ಲಿಲ್ಲ ಭಾಯ್. ವಾಕೋವರ್ ಅಂತ ಬರ್ದೆ. ಬರೆದ್ಮೇಲೆ ಎದೆ ಎಷ್ಟು ಹಗುರ ಆಯ್ತು ಅಂದ್ರೆ, ನನ್ನಂಥ ನ್ಯಾಯವಂತ ಭೂಮಿ ಮೇಲೇ ಇಲ್ಲ ಅನ್ನಿಸ್ತು.

ಸುನೀಲ ಪಟ್ಟಿ ನೋಡಿ ಕೈ ಮುಗ್ದ ಗೊತ್ತಾ? ‘ಮೇಷ್ಟ್ರು ಅಂದ್ರೆ ಮೇಷ್ಟ್ರು, ಮಗಳನ್ನೂ ಬಿಡ್ಲಿಲ್ಲ’ ಅಂದ. ಎಲ್ರೂ ಹಂಗೇ ಅಂದ್ರು. ನೀವೊಬ್ರೇ ಹೀಗೆ... ಒಂದು ಮಾತಾದ್ರೂ ಆಡಿ! ಬೈಯೋದಾದ್ರೆ ಬೈಯಿರಿ. ನೀವೇನ್ ದೂರು ಕೊಟ್ಟಿದ್ರಾ, ನಿಮ್ಗೇನ್ ಸಂಕಟ? ಸುಮ್ನೆ ನಾಲ್ಕನೇ ಜಾಗ ತಗೊಂಡು ಮನೆಗೆ...

ಯಾಕೆ ಲೋಟ ಕೆಳಗಿಟ್ರಿ?

ದೂರು ಅಂದಿದ್ದಕ್ಕಾ? ಸುಮ್ನೆ ಮಾತಿಗೆ ಅಂದೆ. ಯಾರ್ ಕೊಟ್ರು ಅಂತ ನಾನೆಲ್ಲಿ ಹೇಳ್ದೆ? ನೀವ್ ಕೊಟ್ಟಿಲ್ಲ ಅಂತ ನಂಗೆ ಗೊತ್ತಿಲ್ವಾ? ನೀವು ಕೊಟ್ರಿ ಅಂತ ನಾನ್ ಯಾರ ಹತ್ರಾನೂ... ಥೂ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನೀವು ಕಳ್ಳ ಅಂತಾನೂ ಅನ್ಲಿಲ್ಲ. ಸುಮ್ನೆ ಮೆಟ್ಟಿಲ ಕಡೆ ನೋಡಿದ್ರಿ ಅಷ್ಟೇ. ನಾನೇ ಹೆಗಲು ಒರೆಸ್ಕೋತಾ ಇದೀನಿ.

ನೋಡ್ಬೇಡಿ ಆ ಕಡೆ. ಅವ್ಳು ಮಲಗಿಲ್ಲ. ಹತ್ತು ದಿನದಿಂದ ಸರಿಯಾಗಿ ಮಲಗ್ತಿಲ್ಲ. ಹಲ್ಲು ನೋವೂ ಇಲ್ಲ, ಏನೂ ಇಲ್ಲ. ನಿಮ್ಮನೆ ಶೀರ್ ಖುರ್ಮಾ ಅಂತ ಗೊತ್ತಾಗಿ ಲೋಟ ಹಾಗೇ ತಳ್ಳಿದ್ಲು.

ಪಟ್ಟಿ ಅಂಟಿಸಿದ ದಿನ ಸಾಯಂಕಾಲ ಬಂದು ಈ ಬಾಗಿಲಲ್ಲೇ ನಿಂತ್ಲು. ಅಳ್ಲಿಲ್ಲ. ಅತ್ತಿದ್ರೆ ಏನೋ ಸಮಾಧಾನ ಮಾಡ್ತಿದ್ದೆ. ‘ಅಪ್ಪ, ಎಲ್ರಿಗೂ ಹೆಬ್ಬಾಳ ಇದೆ, ನಮ್ಗೆ ಯಾಕಿಲ್ಲ?’ ಅಂತ ಕೇಳಿದ್ಲು. ಅಷ್ಟೇ. ಇಡೀ ಊರಿಗೆ ಉತ್ತರ ರೆಡಿ ಇಟ್ಕೊಂಡಿದ್ದೆ ಭಾಯ್ ನಾನು, ಅವ್ಳಿಗೊಂದು ಇಟ್ಕೊಂಡಿರ್ಲಿಲ್ಲ. ಜನ ನನ್ನನ್ನ ಏನಂತಾರೋ ಅಂತ ಹೆದ್ರಿ ನಿನ್ನ ಗೆಲುವು ಅಳಿಸ್ಬಿಟ್ಟೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಬಾಯಿಗೆ ಬಂತು, ಅಂದ್ಬಿಟ್ಟೆ. ‘ಆರ್.ಟಿ. ನಗರದೋರು ಬರೆದು ದೂರು ಕೊಟ್ರಮ್ಮ, ನಾನೇನ್ ಮಾಡ್ಲಿ?’ ‘ಮೊಯಿನ್ ಮಾಮನಾ?’ ಅಂದ್ಲು. ಇಲ್ಲಮ್ಮ, ಬೇರೆ ಯಾರೋ ಅನ್ಬೋದಿತ್ತು. ಕಾಲೇಜಿನೋರು ಅನ್ಬೋದಿತ್ತು. ಹೂಂ ಅಂದೆ.

ಒಂಬತ್ತು ವರ್ಷದ ಮಗುಗೆ ಚೆಂಡು ಹಿಡಿಯೋದು ಹೇಳ್ಕೊಟ್ಟೋರು ನೀವು. ಪಾರ್ಕ್ ಪಕ್ಕದ ಕೋರ್ಟಲ್ಲಿ, ಚೆಂಡೇ ಅವ್ಳಿಗಿಂತ ದಪ್ಪ ಇತ್ತು. ನಾನು ಪಿ.ಟಿ. ಮೇಷ್ಟ್ರು, ನನ್ನ ಮಾತು ಕೇಳ್ತಿರ್ಲಿಲ್ಲ, ನಿಮ್ಮ ಹಿಂದೆ ಬಾಲದ ಥರ ಓಡಾಡ್ತಿದ್ಲು. ಆ ಎಡಗೈ ನಿಮ್ದೇ. ಅಂಥವರ ಹೆಸರು ಹೇಳಿ ಹೂಂ ಅಂದೆ.

ಮಾರನೇ ದಿನ ನಿಮ್ಮನ್ನ ಹುಡುಕ್ಕೊಂಡು ಬಂದ್ಲಲ್ಲ ಕೋರ್ಟಿಗೆ. ಬಂದು ಕೇಳಿದ್ಲು ಅಲ್ವಾ, ಮುಖಕ್ಕೇ? ಗೊತ್ತು. ಮನೆಗೆ ಬಂದು ಹೇಳಿದ್ಲು. ‘ಕೇಳ್ದೆ ಅಪ್ಪ. ಒಂದು ಮಾತೂ ಆಡ್ಲಿಲ್ಲ. ಬೋರ್ಡ್ ನೋಡ್ತಾ ನಿಂತಿದ್ರು. ಹಂಗಾದ್ರೆ ನಿಜ.’ ಅವತ್ತಿಂದ ನಿಮ್ಮ ಮುಖ ನೋಡಲ್ಲ ಅಂತ ಕೂತಿದಾಳೆ. ನಂಗೆ ಏನನ್ನಿಸ್ತು ಗೊತ್ತಾ ಭಾಯ್? ಅಬ್ಬ, ಬಚಾವಾದೆ ಅನ್ನಿಸ್ತು. ಥೂ ನನ್ನ ಜನ್ಮಕ್ಕೆ. ನೀವು ಕೇಳಿಸ್ಕೊಂಡಿರಲ್ಲ, ಗಲಾಟೇಲಿ ಅರ್ಥ ಆಗಿರಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ.

‘ಇಲ್ಲಮ್ಮ’ ಅಂದಿದ್ರೆ ಮುಗೀತಿತ್ತು. ಮೂರಕ್ಷರ. ಯಾಕೆ ಅನ್ಲಿಲ್ಲ?

ಹೇಳಿ. ಬಂದಾಗಿಂದ ನಾನೊಬ್ನೇ ಬಡ್ಕೋತಾ ಇದೀನಿ, ನೀವು ತುಟಿ ಬಿಚ್ಚಿಲ್ಲ. ಅವತ್ತೂ ಹಿಂಗೇನಾ ನಿಂತಿದ್ದು? ಹಿಂಗೇ, ಎತ್ಲಾಗೋ ನೋಡ್ತಾ? ಅವ್ಳಿಗೆ... ಇರಿ. ಇರಿ ಭಾಯ್. ‘ನಾನು ದೂರು ಕೊಟ್ಟಿಲ್ಲ’ ಅಂದಿದ್ರೆ ಮರುಕ್ಷಣ ಅವ್ಳು ಏನಂತಿದ್ಲು? ಹಂಗಾದ್ರೆ ಅಪ್ಪ ಸುಳ್ಳು ಹೇಳಿದ್ರಾ ಅಂತಿದ್ಲು. ಅದಕ್ಕೇನಾ?

ಹನ್ನೆರಡು ವರ್ಷ ಬೆನ್ನ ಹಿಂದೆ ಓಡಾಡಿದ ಮಗು ಛೀ ಅನ್ನೋ ಥರ ನೋಡ್ತಾ ಇದ್ರೂ ಸುಮ್ನೆ ನಿಂತ್ರಾ? ನನ್ನ ಮಾನ ಉಳಿಸೋಕೆ? ನಾನು ನನ್ನ ಹೆಸರಿಗೆ ಮಗಳ ಗೆಲುವು ತಿಂದೆ, ಅದು ಸಾಲ್ದು ಅಂತ ನಿಮ್ಮನ್ನೂ ತಿಂದೆ. ನೀವು ತಿನ್ನಿ ಅಂತ ನಿಂತ್ಕೊಂಡ್ರಿ. ಅಲ್ರೀ, ಯಾರಾದ್ರೂ ಹಿಂಗೆ ಮಾಡ್ತಾರಾ? ತಲೆ ಅಲ್ಲಾಡಿಸ್ಬೇಡಿ. ಏನೂ ಇಲ್ಲ ಅನ್ನೋ ಥರ ತಲೆ ಅಲ್ಲಾಡಿಸ್ಬೇಡಿ ನನ್ನ ಮುಂದೆ.

ಪೆನ್ನು ಯಾಕೆ ಈ ಕಡೆ ತಳ್ತೀರ? ಗೊತ್ತು. ಬರೀತೀನಿ. ಬರೆದ್ರೆ ನಿಮ್ಗೆ ಎಂಟು ಅಂಕ ಹೋಗುತ್ತೆ. ಫರ್ಹೀನ್‌ಗೂ ಇದೇ ಕೊನೇ ವರ್ಷ. ಅವ್ಳಿಗೆ ಹೇಳಿ ಬಂದಿದೀರಾ? ಹೂಂ? ಅವ್ಳೇ ಕಳ್ಸಿದ್ಲಾ? ಮಕ್ಕಳು ನಮಗಿಂತ ದೊಡ್ಡವರಾಗ್ಬಿಟ್ರು ಭಾಯ್, ನಾವು ಪಟ್ಟಿ ಬರೀತಾ ಕೂತಿದ್ದಾಗ. ಇಗೋ, ಬರ್ದೆ. ಐವತ್ತೆಂಟು–ನಲವತ್ತೇಳು. ನೋಡ್ಕೊಳಿ. ಸುನೀಲ ಏನ್ ಬೇಕಾದ್ರೂ ಅಂದ್ಕೊಳ್ಲಿ.

ಇದು ಸುಲಭದ್ದು ಅಂತ ನಿಮ್ಗೂ ಗೊತ್ತು. ಎಲ್ಲಿಗೆ ಏಳ್ತಿದೀರ? ಕೂತ್ಕೊಳಿ. ಹೊರಟ್ರೆ ನನ್ನಾಣೆ! ನೀವು ಆಚೆ ಹೋದ್ರೆ ಕತೆ ನನಗೇ ಗೊತ್ತು, ‘ಮೊಯಿನ್ ಮಾಮ ಬಂದು ದೂರು ವಾಪಸ್ ತಗೊಂಡ್ರಮ್ಮ’ ಅಂದ್ಬಿಡ್ತೀನಿ. ನಿಮ್ಮನ್ನೂ ಒಳ್ಳೆಯೋರನ್ನ ಮಾಡಿ ನಾನೂ ಒಳ್ಳೆಯೋನಾಗ್ಬಿಡ್ತೀನಿ. ಅಷ್ಟು ಚೆನ್ನಾಗಿ ಬರುತ್ತೆ ನಂಗೆ. ಅದಕ್ಕೇ ಹೇಳ್ತಿರೋದು, ಇಲ್ಲೇ ಕೂತಿರಿ. ಏನೂ ಮಾತಾಡ್ಬೇಡಿ, ಸುಮ್ನೆ ಕೂತಿರಿ.

ಚೈತ್ರಾ... ಚೈತ್ರಾ! ಎಚ್ಚರ ಇದೀಯ ಅಂತ ಗೊತ್ತು. ಕೆಳಗೆ ಬಾಮ್ಮ.

ಅಲ್ಲೇ ಮೆಟ್ಟಿಲ ಮೇಲೇ ನಿಲ್ತೀಯಾ? ಸರಿ, ಅಲ್ಲೇ ನಿಲ್ಲು. ಗೋಡೆ ನೋಡ್ಬೇಡ ಮಗಳೇ. ಇವ್ರು ದೂರು ಕೊಟ್ಟಿಲ್ಲ. ಯಾರೂ ಕೊಟ್ಟಿಲ್ಲ. ದೂರೇ ಇಲ್ಲ. ನಾನು ಹೇಳಿದ್ದು ಸುಳ್ಳು, ಇವ್ರಿಗೆ ಅದು ಗೊತ್ತಿತ್ತು, ನಿನ್ನ ಮುಂದೆ ನನ್ನ ತಲೆ ತಗ್ಗಬಾರ್ದು ಅಂತ ಬಾಯಿ ಮುಚ್ಕೊಂಡಿದ್ರು. ನಿನ್ನ ಆಟ ಅಳಿಸಿದ್ದು ನಾನೇ. ಯಾಕೆ ಅಂತ ಆಮೇಲೆ ಕೇಳು, ಎಷ್ಟು ಬೇಕಾದ್ರೂ ಬೈ, ಒಂದು ವರ್ಷ ಮಾತು ಬಿಡು. ಮೊದ್ಲು ಈ ಕಡೆ ತಿರುಗಿ ಮಾಮನ್ನ ನೋಡು.